ಮೇ ತಿಂಗಳ ಪ್ರದರ್ಶನ, ಎಗ್ಮೋರಿನ ಎಮ್ಮೆ

ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳೆಂದರೆ ಪ್ರದರ್ಶನದ ತಿಂಗಳು. ಕೋತಗಿರಿಯ ನೆಹರೂ ಪಾರ್ಕಿನಲ್ಲಿ ತರಕಾರಿ ಪ್ರದರ್ಶನ, ಗೂಡಲೂರಿನಲ್ಲಿ ಮೆಣಸು ಏಲಕ್ಕಿಗಳ ಪ್ರದರ್ಶನ, ಊಟಿಯಲ್ಲಿ ಮೊದಲು ಗುಲಾಬಿ, ಅದರ ಬೆನ್ನಿಗೇ ಬೊಟಾನಿಕಲ್ ಗಾರ್ಡನ್ನಿನಲ್ಲಿ ಹೂವಿನ ಪ್ರದರ್ಶನ, ಕೂನೂರಿನ ಸಿಮ್ಸ್ ಪಾರ್ಕಿನಲ್ಲಿ ಹಣ್ಣಿನ ಪ್ರದರ್ಶನ. ಸರ್ಕಾರದ ನೋಟೀಸಿನಲ್ಲಿ ಇದಕ್ಕೆಲ್ಲ ಸೇರಿ ‘ಕೋಡೈ ವಿಳಾ’ ಅಂತ ಹೆಸರು, ಅಂದರೆ ಬೇಸಿಗೆ ಹಬ್ಬ. ನಮ್ಮ ಜನದ ಬಾಯಲ್ಲಿ ಬರೀ ‘ಸೀಸನ್’.

ಸೀಸನ್ನಿನಲ್ಲಿ ನಮ್ಮ ಪಾಲು ಏನು ಅಂತ ಎಲ್ಲರಿಗೂ ಗೊತ್ತು. ಮಸಿನಗುಡಿಯವರಿಗೆ ಜೀಪು, ರೂಮು, ಅಡುಗೆ ಕೆಲಸ. ಊಟಿ ಸುತ್ತಿನ ಹಟ್ಟಿಗಳವರಿಗೆ ಕ್ಯಾರೆಟ್ಟು, ವರ್ಕಿ, ಚಾಕೊಲೇಟಿನ ವ್ಯಾಪಾರ. ಅದೇ ದಿನ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದವರಿಗೆ ರಸ್ತೆಯಲ್ಲೇ ಎರಡು ಗಂಟೆ. ಗಾಡಿಗಳ ಕಾಟ ಎಲ್ಲಿಗೆ ಬಂತೆಂದರೆ, ಮದ್ರಾಸ್ ಹೈಕೋರ್ಟೇ ನಡುವೆ ಬಂದು 2024ರ ಮೇ 7ರಿಂದ ಹೊರಗಿನವರಿಗೆ ಇ-ಪಾಸ್ ಕಡ್ಡಾಯ ಮಾಡಿತು. ವ್ಯಾಪಾರವನ್ನೂ ಕಾಟವನ್ನೂ ಬದಿಗಿಟ್ಟು ಇಲ್ಲಿ ಬೇರೊಂದು ವಿಷಯ ಹೇಳಬೇಕಾಗಿದೆ. ಇಡೀ ತಿಂಗಳು ಇಷ್ಟೆಲ್ಲ ಪ್ರದರ್ಶನಕ್ಕಿಡುವ ಈ ಬೆಟ್ಟ, ತನ್ನದೇ ಆದ ಅತಿ ಹಳೆಯ ಕಲೆಯನ್ನು ಮಾತ್ರ ಯಾವ ಮೇ ತಿಂಗಳಲ್ಲೂ ತೋರಿಸುವುದಿಲ್ಲ. ತೋರಿಸೋಣವೆಂದರೆ ಅದು ಇಲ್ಲಿಲ್ಲ. ಹೂವಿನ ಪ್ರದರ್ಶನ ಶುರುವಾಗುವ ಎಷ್ಟೋ ವರ್ಷ ಮೊದಲೇ ಅದು ಬೆಟ್ಟ ಇಳಿದು ಹೋಯಿತು.

ಮೊದಲು ಪ್ರದರ್ಶನಗಳ ಕಥೆ ಸ್ವಲ್ಪ ನೋಡೋಣ. 1848ರಲ್ಲಿ ಮ್ಯಾಕ್ಐವರ್ ಎಂಬ ತೋಟಗಾರ ಬಂದು ಊಟಿಯ ಗಾರ್ಡನ್ನಿಗೆ ಈಗಿನ ರೂಪ ಕೊಡಲು ಶುರು ಮಾಡಿದ. 1870ರ ಹೊತ್ತಿಗೆ ಮದ್ರಾಸಿನ ಗವರ್ನರ್ ಸರ್ಕಾರವೇ ಬೇಸಿಗೆಗೆ ಊಟಿಗೆ ಗಂಟು ಮೂಟೆ ಕಟ್ಟಿಕೊಂಡು ಬರುವ ಪದ್ಧತಿ ಗಟ್ಟಿಯಾಯಿತು. ಸಾಹೇಬರು, ಅವರ ಹೆಂಡತಿಯರು, ಕುದುರೆ, ಬೇಟೆ ನಾಯಿ, ಕ್ಲಬ್ಬು ಎಲ್ಲ ಬಂದ ಮೇಲೆ ಕಾಲ ಕಳೆಯುವುದಕ್ಕೆ ಏನಾದರೂ ಬೇಕಲ್ಲ. 1896ರಲ್ಲಿ ಮೊದಲ ಹೂವಿನ ಪ್ರದರ್ಶನ ನಡೆಯಿತು. ಬಂಗಲೆಯವರು ಕುಂಡದಲ್ಲಿ ಬೆಳೆಸಿದ ಸೀಮೆ ಹೂವು ತಂದಿಡುವುದು, ಬಹುಮಾನ ಕೊಡುವುದು. ಸಾಹೇಬರು ಹೋದರು, ಪ್ರದರ್ಶನ ಉಳಿಯಿತು. ನೂರನೆಯ ಪ್ರದರ್ಶನದ ನೆನಪಿಗೆ 1995ರಲ್ಲಿ ಗುಲಾಬಿ ತೋಟ ಆಯಿತು. ಈಗ ಸಾವಿರಾರು ಕಾರ್ನೇಷನ್ ಹೂವು ಚುಚ್ಚಿ ಕೋಟೆ, ಗೋಪುರ, ರೈಲು ಕಟ್ಟುತ್ತಾರೆ. ಕೋತಗಿರಿಯಲ್ಲಿ ತರಕಾರಿ ಜೋಡಿಸಿ ಪ್ರಾಣಿಗಳನ್ನು ಮಾಡುತ್ತಾರೆ. ಮಕ್ಕಳಿಗೆ ಖುಷಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಬೆಟ್ಟದಲ್ಲಿ ಪ್ರಾಣಿಗಳ ಗೊಂಬೆ ಮಾಡಿದ ಮೊದಲಿಗರು ಇವರಲ್ಲ. ಒಂದೂವರೆ ಸಾವಿರ ವರ್ಷದಷ್ಟು ಹಿಂದೆಯೇ ಇಲ್ಲಿ ಯಾರೋ ಮಣ್ಣಿನಲ್ಲಿ ಎಮ್ಮೆ ಮಾಡುತ್ತಿದ್ದರು.

ನೀಲಗಿರಿಯ ಎತ್ತರದ ಗುಡ್ಡಗಳ ನೆತ್ತಿಯಲ್ಲಿ ಕಲ್ಲು ಒಟ್ಟಿದ ದುಂಡನೆಯ ಗುಪ್ಪೆಗಳು, ಬಾವಿಯ ಕಟ್ಟೆಯಂತೆ ಸುತ್ತ ಕಟ್ಟಿದ ಕಲ್ಲಿನ ಬಳೆಗಳು ಇರುವುದನ್ನು ದನ ಕಾಯಲು ಹೋದವರೆಲ್ಲ ನೋಡಿರುತ್ತಾರೆ. ಇಂಥ ಹಳೆಯ ಕಲ್ಲಿನ ಕಟ್ಟಡಗಳಿಗೆ ಕನ್ನಡ ನಾಡಿನಲ್ಲಿ ‘ಮೋರಿಯರ ಮನೆ’, ‘ಪಾಂಡವರ ಗುಡಿ’ ಅನ್ನುತ್ತಾರೆ. ಇವು ಸತ್ತವರ ಜಾಗ. ಹೆಣ ಸುಟ್ಟ ಮೇಲೆ ಮೂಳೆ, ಬೂದಿ, ಅವರವರ ಒಡವೆ, ಕತ್ತಿ, ಕುಡುಗೋಲು, ಪಾತ್ರೆಗಳನ್ನು ಅಲ್ಲಿ ಹೂತು ಮೇಲೆ ಕಲ್ಲು ಮುಚ್ಚುತ್ತಿದ್ದರು. ಊಟಿಗೆ ಬಿಳಿಯರು ಬಂದ ಹೊಸದರಿಂದಲೇ ಇವುಗಳ ಮೇಲೆ ಅವರ ಕಣ್ಣು ಬಿತ್ತು. ಬೇಟೆಗೆ ಹೋಗಿ ಬರುವಂತೆ ಗುಪ್ಪೆ ಅಗೆಯಲು ಹೋಗುವುದೂ ಒಂದು ಹವ್ಯಾಸವಾಯಿತು. ಕ್ಯಾಪ್ಟನ್ ಕಾಂಗ್ರೀವ್ ಎಂಬಾತ 1847ರಲ್ಲಿ ಒಂದು ದೊಡ್ಡ ಲೇಖನ ಬರೆದು, ಇವನ್ನು ಕಟ್ಟಿದವರು ತೋಡರು, ಆ ತೋಡರು ದೂರದ ಸಿಥಿಯಾದಿಂದ ಬಂದವರು ಎಂದು ವಾದಿಸಿದ. ಈ ದೇಶದಲ್ಲಿ ಏನು ಚೆನ್ನಾಗಿ ಕಂಡರೂ ಅದು ಹೊರಗಿನಿಂದ ಬಂದಿರಬೇಕು ಎನ್ನುವ ರೋಗ ಆಗ ಬಹಳ ಜನಕ್ಕಿತ್ತು.

ಕ್ರಮವಾಗಿ ಅಗೆಸಿ ಸಂಗ್ರಹ ಮಾಡಿದವನು ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್. 1868ರಲ್ಲಿ ನೀಲಗಿರಿಯನ್ನು ಕೊಯಮತ್ತೂರಿನಿಂದ ಬೇರೆ ಮಾಡಿದಾಗ ಇಲ್ಲಿಗೆ ಮೊದಲ ಕಮಿಷನರ್ ಆಗಿ ಬಂದವನು ಇವನೇ. ಊಟಿಯ ಬ್ರೀಕ್ಸ್ ಶಾಲೆಯ ಹೆಸರು ಇವನದು. 1871ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನವರು ನೀಲಗಿರಿಯ ಬುಡಕಟ್ಟು ಜನರ ಆಯುಧ, ಒಡವೆ, ಬಟ್ಟೆ, ಮನೆಯ ಪಾತ್ರೆ, ಬೇಸಾಯದ ಹತ್ಯಾರ ಎಲ್ಲದರ ಒಂದೊಂದು ಮಾದರಿ ಬೇಕೆಂದು ಕೇಳಿದರು. ಮದ್ರಾಸ್ ಸರ್ಕಾರ ಆ ಕೆಲಸವನ್ನು ಬ್ರೀಕ್ಸ್‌ಗೆ ವಹಿಸಿತು. ಅವನು ಬದುಕಿರುವವರ ವಸ್ತುಗಳ ಜೊತೆ ಸತ್ತವರ ಗುಪ್ಪೆಗಳನ್ನೂ ತೆಗೆಸಿದ. ಕೆಲಸ ಮುಗಿಯುವ ಮೊದಲೇ, 1872ರಲ್ಲಿ, ತೀರಿಕೊಂಡ. ಅವನ ಟಿಪ್ಪಣಿಗಳನ್ನು ಹೆಂಡತಿ ಸೂಸನ್ ಬ್ರೀಕ್ಸ್ ಜೋಡಿಸಿ, 1873ರಲ್ಲಿ ಲಂಡನ್ನಿನಲ್ಲಿ ನೀಲಗಿರಿಯ ಬುಡಕಟ್ಟುಗಳು ಮತ್ತು ಸ್ಮಾರಕಗಳ ಬಗ್ಗೆ ಪುಸ್ತಕವಾಗಿ ಹೊರತಂದಳು. ಗಂಡನನ್ನು ಕಳಕೊಂಡ ವರ್ಷವೇ ಕೂತು ಇಷ್ಟು ಕೆಲಸ ಮಾಡಿದ್ದಾಳೆ ಅನ್ನುವುದನ್ನು ಮರೆಯಬಾರದು. ಯಾವ ಗುಡ್ಡದಲ್ಲಿ ಏನು ಸಿಕ್ಕಿತು ಅನ್ನುವುದು ಇವತ್ತು ನಮಗೆ ಗೊತ್ತಾಗುವುದು ಬಹಳ ಮಟ್ಟಿಗೆ ಆ ಪುಸ್ತಕದಿಂದ. ಸೋಲೂರು, ಮೇಲೂರಿನ ಕೆತ್ತನೆಯ ಕಲ್ಲುಗಳ ವಿವರವೂ ಅದರಲ್ಲಿದೆ. ಕಲ್ಲು ಭಾರ, ಪೆಟ್ಟಿಗೆಗೆ ಹಿಡಿಯುವುದಿಲ್ಲ. ಮಣ್ಣು, ಕಂಚು, ಚಿನ್ನ ಹಗುರ. ಅವು ಹೋದವು.

ಹೋದ ವಸ್ತುಗಳಲ್ಲಿ ಹೆಚ್ಚಿನವು ಈಗ ಇರುವುದು ಚೆನ್ನೈಯ ಎಗ್ಮೋರಿನ ಸರ್ಕಾರಿ ಮ್ಯೂಸಿಯಂನಲ್ಲಿ. 1851ರಲ್ಲಿ ಶುರುವಾದ ಮ್ಯೂಸಿಯಂ ಅದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಅಲ್ಲಿನ ಹಳೆಯ ವಸ್ತುಗಳ ಪಟ್ಟಿ ಮಾಡಿ 1901ರಲ್ಲಿ ಅಚ್ಚು ಹಾಕಿಸಿದಾಗ ಬ್ರೀಕ್ಸನ ನೀಲಗಿರಿ ಸಂಗ್ರಹವೂ ಅದರಲ್ಲಿ ಸೇರಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ನೀಲಗಿರಿಯ ಗುಪ್ಪೆಗಳಿಂದ ಹೋದ ಕಂಚಿನ ಬಟ್ಟಲು, ಮಣ್ಣಿನ ಪಾತ್ರೆಗಳಿವೆ.

ಈಗ ಆ ವಸ್ತುಗಳ ವಿಷಯಕ್ಕೆ ಬರೋಣ. ಕತ್ತಿ, ಈಟಿ, ಕುಡುಗೋಲು ದಕ್ಷಿಣದ ಬೇರೆ ಬೇರೆ ಕಡೆಯ ಸಮಾಧಿಗಳಲ್ಲೂ ಸಿಗುತ್ತವೆ, ಅವನ್ನು ಬಿಡೋಣ. ಕಂಚಿನ ಬಟ್ಟಲುಗಳು ನಿಜಕ್ಕೂ ಚಂದ. ತೆಳ್ಳಗೆ ಬಡಿದು, ಹೂವಿನ ಎಸಳಿನಂತೆ ಗೆರೆ ಎಬ್ಬಿಸಿ, ನಡುವೆ ತಾವರೆಯ ಗುಬುಟು ಇಟ್ಟಿರುವಂಥವು. ಅಂಥ ಕೆಲಸ ಈ ಬೆಟ್ಟದಲ್ಲಿ ಆಗಿರಲಿಕ್ಕಿಲ್ಲ, ಕೆಳಗಿನಿಂದ ವ್ಯಾಪಾರದಲ್ಲಿ ಬಂದಿರಬೇಕು. ಮಣ್ಣಿನ ಪಾತ್ರೆಗಳ ಸಂಗತಿ ಬೇರೆ. ಅಂಥವು ದಕ್ಷಿಣ ಭಾರತದಲ್ಲಿ ಇನ್ನೆಲ್ಲೂ ಇಲ್ಲ. ಗಡಿಗೆಯ ಮೇಲೆ ಗಡಿಗೆ ಪೇರಿಸಿದಂತೆ ಮೇಲಕ್ಕೆ ಎದ್ದ ಉದ್ದ ಕೊಡಗಳು. ಅವಕ್ಕೆ ಗುಮ್ಮಟದಂಥ ಮುಚ್ಚಳ. ಆ ಮುಚ್ಚಳದ ಮೇಲೆ ಒಂದು ಪ್ರಾಣಿ ನಿಂತಿರುತ್ತದೆ. ಹಿಡಿಯಬೇಕಾದ ಗುಬ್ಬಿಯ ಜಾಗದಲ್ಲಿ ಎಮ್ಮೆ, ಆನೆ, ಹಕ್ಕಿ, ಕುದುರೆ ಮೇಲೆ ಕೂತ ಮನುಷ್ಯ. ಮಣ್ಣು ಒರಟು, ಸುಟ್ಟಿರುವುದೂ ಹದವಾಗಿಲ್ಲ. ಕಣ್ಣು ಅಂದರೆ ಅಂಟಿಸಿದ ಒಂದು ಮಣ್ಣಿನ ಗುಳಿಗೆ. ಹತ್ತಿರ ಹೋಗಿ ನೋಡಿದರೆ ನಗು ಬರುತ್ತದೆ. ಆದರೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ ಎಮ್ಮೆ ಎಮ್ಮೆಯೇ. ತಲೆ ತಗ್ಗಿಸಿದ ರೀತಿ, ಹೊರಳಿದ ಕೊಂಬು, ಬೆನ್ನಿನ ಭಾರ. ಪೇಟೆಯಲ್ಲಿ ಕೂತು ಚಿತ್ರ ನೋಡಿ ಮಾಡಿದವನ ಕೈ ಅಲ್ಲ ಅದು, ಬೆಳಿಗ್ಗೆ ಸಂಜೆ ಎಮ್ಮೆ ಮುಂದೆ ನಿಂತವನ ಕೈ. ಗಂಡೋ ಹೆಣ್ಣೋ, ಕೈ ಅಂತೂ ಅಂಥದ್ದು.

ಇದನ್ನು ಕಲೆ ಅನ್ನಬೇಕೋ, ಸುಮ್ಮನೆ ಹಳೆ ಸಾಮಾನು ಅನ್ನಬೇಕೋ? ಎಗ್ಮೋರಿನ ಆವರಣದಲ್ಲೇ ಕಂಚಿನ ನಟರಾಜರ ಗ್ಯಾಲರಿ ಇದೆ, ರವಿವರ್ಮನ ಚಿತ್ರಗಳ ಆರ್ಟ್ ಗ್ಯಾಲರಿ ಇದೆ. ಅವುಗಳ ಮೇಲೆ ‘ಕಲೆ’ ಅಂತ ಬೋರ್ಡು. ನಮ್ಮ ಎಮ್ಮೆ ಇರುವುದು ಇತಿಹಾಸಪೂರ್ವದ ಕೋಣೆಯಲ್ಲಿ, ಕಲ್ಲಿನ ಕೊಡಲಿ, ಮೂಳೆ ತುಂಬಿದ ಮಡಕೆಗಳ ಜೊತೆಯಲ್ಲಿ. ಇಟ್ಟ ಜಾಗವೇ ಅರ್ಧ ತೀರ್ಪು ಕೊಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಆ ಮುಚ್ಚಳಗಳು ಕಲೆಯೇ. ಬರೀ ಮುಚ್ಚಲಿಕ್ಕೆ ಬೇಕಾಗಿದ್ದರೆ ಒಂದು ಗುಬ್ಬಿ ಸಾಕಿತ್ತು. ಸತ್ತವರ ಜೊತೆಗೆ ಕಳಿಸುವ ಪಾತ್ರೆಯ ನೆತ್ತಿಯಲ್ಲಿ ಎಮ್ಮೆ ನಿಲ್ಲಿಸಬೇಕು ಅಂತ ಯಾರಿಗೋ ಅನ್ನಿಸಿತಲ್ಲ, ಅದು ಅಡುಗೆಗೆ ಸಂಬಂಧಪಟ್ಟ ಆಲೋಚನೆ ಅಲ್ಲ.

ಮಾಡಿದವರು ಯಾರು? ಬ್ರೀಕ್ಸ್‌ಗೆ ತೋಡರ ಮೇಲೆಯೇ ನಂಬಿಕೆ. ಎಮ್ಮೆಯೇ ಅವನ ಮುಖ್ಯ ಸಾಕ್ಷಿ. ತೋಡರ, ಅಂದರೆ ನಾವು ಹೇಳುವ ತೊದವರ, ಬದುಕು ಪೂರ್ತಿ ಎಮ್ಮೆಯ ಸುತ್ತ, ಸಾವಿನಲ್ಲೂ ಎಮ್ಮೆ ಬೇಕು. ಆದರೆ ಆ ವಾದದಲ್ಲಿ ತೊಡಕುಗಳಿವೆ. ತೋಡರು ಮಡಕೆ ಮಾಡುವವರಲ್ಲ. ಬೆಟ್ಟದಲ್ಲಿ ಮಡಕೆ ಮಾಡುತ್ತಿದ್ದವರು ಕೋತರು, ಅದರಲ್ಲೂ ಕೋತ ಹೆಂಗಸರು. ಕುದುರೆ ಸವಾರನಿಗೂ ತೋಡರಿಗೂ ಸಂಬಂಧವಿಲ್ಲ. ಗುಪ್ಪೆಗಳನ್ನು ತಮ್ಮ ಹಿರಿಯರದು ಎಂದು ತೋಡರು ಹೇಳಿಕೊಳ್ಳಲೂ ಇಲ್ಲ, ಅಗೆಯುವಾಗ ತಡೆಯಲೂ ಇಲ್ಲ. ಕಾಲದ ಬಗ್ಗೆಯೂ ವಿದ್ವಾಂಸರ ನಡುವೆ ಜಗಳ ಮುಗಿದಿಲ್ಲ. ಕ್ರಿಸ್ತಶಕದ ಮೊದಲ ಶತಮಾನಗಳಿಂದ ಹಿಡಿದು ಸಾವಿರ ವರ್ಷದ ಅಳತೆಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಗೂಟ ಹೊಡೆದಿದ್ದಾರೆ. ನಮ್ಮ ಬೆಟ್ಟ, ಅದರ ಜನ ಬರಹದಲ್ಲಿ ಸಿಗುವುದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಕಾಲಕ್ಕೆ. ಚಾಮರಾಜನಗರದ 1117ರ ಕನ್ನಡ ಶಾಸನ, ಅವನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದನೆಂದು ಹೇಳುತ್ತದೆ. ಅದಕ್ಕಿಂತ ಹಿಂದಿನ ಕಾಲಕ್ಕೆ ಇಲ್ಲಿ ಅಕ್ಷರದ ಸಾಕ್ಷಿ ಇಲ್ಲ. ಈ ಮಣ್ಣಿನ ಮುಚ್ಚಳಗಳೇ ಸಾಕ್ಷಿ. ಅದೂ ಯಾರೋ ಗೆದ್ದ ರಾಜನ ಮಾತಲ್ಲ, ಇಲ್ಲೇ ಬದುಕಿ ಇಲ್ಲೇ ಸತ್ತವರ ಕೈಕೆಲಸ. ಬಡಗರು, ತೋಡರು, ಕೋತರು, ಕುರುಂಬರು, ಇರುಳರು ಎಲ್ಲರೂ ‘ನಮ್ಮದು’ ಅನ್ನಬಹುದಾದ, ಯಾರೊಬ್ಬರೂ ‘ನಮ್ಮದು ಮಾತ್ರ’ ಅನ್ನಲಾಗದ ವಸ್ತು ಬೆಟ್ಟದಲ್ಲಿ ಇಂಥದ್ದು ಎಷ್ಟಿವೆ?

ವಸ್ತುಗಳು ಹೋದ ಮೇಲೆ ಜನರನ್ನು ಅಳೆಯುವ ಸರದಿ ಬಂತು. ಎಡ್ಗರ್ ಥರ್ಸ್ಟನ್ 1885ರಿಂದ 1908ರವರೆಗೆ ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥ. ದಕ್ಷಿಣದ ಜಾತಿ ಬುಡಕಟ್ಟುಗಳ ಬಗ್ಗೆ ರಂಗಾಚಾರಿಯವರ ನೆರವಿನಿಂದ ಏಳು ಸಂಪುಟ ಬರೆದು 1909ರಲ್ಲಿ ಪ್ರಕಟಿಸಿದವನು. ಅಳತೆಯ ಕಡ್ಡಿ, ಇಕ್ಕಳ ಹಿಡಿದು ನೀಲಗಿರಿಗೂ ವಯನಾಡಿಗೂ ಬಂದು ಮೂಗು, ತಲೆ, ಎತ್ತರ ಅಳೆದ. ಅವನೇ ಬರೆದುಕೊಂಡಿರುವ ಒಂದು ಸಂಗತಿ ಇದೆ. ವಯನಾಡಿನ ಪಣಿಯ ಹೆಂಗಸರು ಅವನನ್ನು ಕಂಡ ಕೂಡಲೇ ಓಡಿಹೋದರಂತೆ. ತಮ್ಮಲ್ಲಿ ಲಕ್ಷಣವಾಗಿರುವವರನ್ನು ಹಿಡಿದು, ಹುಲ್ಲು ತುಂಬಿ, ಮದ್ರಾಸ್ ಮ್ಯೂಸಿಯಂನಲ್ಲಿ ನಿಲ್ಲಿಸಲು ಈ ದೊರೆ ಬಂದಿದ್ದಾನೆ ಅಂತ ಅವರ ಹೆದರಿಕೆ. ಅದನ್ನು ಬರೆದು ಥರ್ಸ್ಟನ್ ತಮಾಷೆ ಮಾಡುತ್ತಾನೆ: ಹಾಗೆ ಮಾಡಲು ಸಾಧ್ಯವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಮಾದರಿ ಗೊಂಬೆ ಮಾಡಿಸುವ ತಾಪತ್ರಯ ತಪ್ಪುತ್ತಿತ್ತು ಅಂತ. ಆ ಏಳು ಸಂಪುಟಗಳಲ್ಲಿ ಉಪಯೋಗದ ವಿಷಯ ಬಹಳ ಇದೆ, ನಾವೂ ಅದನ್ನು ತಿರುವಿ ಹಾಕುತ್ತೇವೆ. ಈ ತಮಾಷೆ ಓದಿದಾಗ ಮಾತ್ರ ನಗು ಬರುವುದಿಲ್ಲ. ಓಡಿದ ಹೆಂಗಸರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಮ್ಯೂಸಿಯಂ ನೋಡಿರಲಿಲ್ಲ. ಆದರೂ ಮ್ಯೂಸಿಯಂ ಅಂದರೆ ಏನು ಮಾಡುತ್ತಾರೆ ಅನ್ನುವುದನ್ನು ಅವರು ಅರ್ಥ ಮಾಡಿಕೊಂಡಿದ್ದ ರೀತಿ ತೀರಾ ತಪ್ಪೇನಲ್ಲ.

ಮದ್ರಾಸಿನ ಜನವೂ ಆ ಮ್ಯೂಸಿಯಂಗೆ ತಮ್ಮದೇ ಹೆಸರು ಇಟ್ಟಿದ್ದರು. ಮ್ಯೂಸಿಯಂ ‘ಸೆತ್ತ ಕಾಲೇಜ್’, ಮೃಗಾಲಯ ‘ಉಯಿರ್ ಕಾಲೇಜ್’; ಸತ್ತ ಕಾಲೇಜು, ಜೀವಂತ ಕಾಲೇಜು. ಕಾಣುಂ ಪೊಂಗಲ್ ದಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದು ಸಾವಿರಗಟ್ಟಲೆ ಜನ ಅದರೊಳಗೆ ಸುತ್ತಾಡುತ್ತಿದ್ದರು. ಯಾರೂ ಕರೆಯದೆ, ಪಾಂಪ್ಲೆಟ್ ಹಂಚದೆ ಜನರೇ ಕಟ್ಟಿಕೊಂಡ ಮ್ಯೂಸಿಯಂ ಹಬ್ಬ ಅದು. ನಮ್ಮ ಬೆಟ್ಟದಲ್ಲಿ ಹಾಗೆ ಆಗಲಿಲ್ಲ, ಯಾಕೆಂದರೆ ಇಲ್ಲಿ ಪ್ರದರ್ಶನ ಅನ್ನುವುದು ಮೊದಲಿನಿಂದಲೂ ಬಂದವರಿಗಾಗಿ. ಬೊಟಾನಿಕಲ್ ಗಾರ್ಡನ್ನಿನ ಮೇಲ್ತುದಿಯಲ್ಲಿ ತೋಡರ ಮಂದು ಇದೆಯಲ್ಲ, ಹೂವು ನೋಡಲು ಬಂದವರು ಹಾಗೆಯೇ ಮೇಲೆ ಹತ್ತಿ ಅವರನ್ನೂ ‘ನೋಡಿ’ ಫೋಟೋ ಹೊಡಕೊಂಡು ಇಳಿಯುತ್ತಾರೆ. ತಲೆಮಾರುಗಳಿಂದ ಹೀಗೇ ನಡೆದಿದೆ. ಮನೆಯ ಮುಂದೆ ಕೂತು ತಲೆ ಬಾಚಿಕೊಳ್ಳುವುದೂ ಪ್ರದರ್ಶನವಾಗಿಬಿಟ್ಟರೆ ಬದುಕುವುದು ಹೇಗೆ?

ಚಿತ್ರಗಾರರಿಗೂ ಈ ಬೆಟ್ಟ ಬೇಸಿಗೆಯ ನೋಟವಾಗಿಯೇ ಸಿಕ್ಕಿತು. ಮೈಸೂರಿನ ಕೆ. ವೆಂಕಟಪ್ಪನವರು ಅವನೀಂದ್ರನಾಥ ಟಾಗೋರರ ಶಿಷ್ಯರು, ನಮ್ಮ ಕನ್ನಡದ ದೊಡ್ಡ ಕಲಾವಿದರು. ಅವರು 1920ರ ದಶಕದಲ್ಲಿ ಊಟಿಯ ಮೋಡ, ಬೆಟ್ಟ, ಬೆಳಕನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರದೇ ಹೆಸರಿನ ಕಲಾ ಗ್ಯಾಲರಿ ಇದೆ. ಮಳೆಗಾಲಕ್ಕೆ ಮೊದಲಿನ ನಮ್ಮ ಮೋಡವನ್ನು ಅವರಷ್ಟು ನಿಜವಾಗಿ ಹಿಡಿದವರನ್ನು ನಾನು ಕಂಡಿಲ್ಲ. ಅದೂ ಇಲ್ಲಿಲ್ಲ ಅನ್ನಿ. ಅದು ಅವರು ಬರೆದದ್ದು, ಅವರ ನಾಡಿನಲ್ಲಿದೆ, ಅದರ ಬಗ್ಗೆ ತಕರಾರಿಲ್ಲ.

ಹಾಗಾದರೆ ಊಟಿಯಲ್ಲಿ ಮ್ಯೂಸಿಯಂ ಇಲ್ಲವೇ? ಇದೆ. ಮೈಸೂರು ರಸ್ತೆಯಲ್ಲಿ ಸರ್ಕಾರಿ ಮ್ಯೂಸಿಯಂ 1989ರಲ್ಲಿ ತೆರೆಯಿತು. ಬುಡಕಟ್ಟು ಜನರ ವಸ್ತುಗಳು, ಕುಶಲ ಕೆಲಸಗಳು ಅಲ್ಲಿವೆ. ಎಂ. ಪಾಲಾಡದಲ್ಲಿ ಬುಡಕಟ್ಟು ಸಂಶೋಧನಾ ಕೇಂದ್ರ 1983ರಿಂದ ಇದೆ. ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ ಜನರ ಬಗ್ಗೆ ಅಲ್ಲೂ ಒಂದು ಮ್ಯೂಸಿಯಂ ಇದೆ. ಕೋತಗಿರಿ ಹತ್ತಿರ ಕನ್ನೇರಿಮುಕ್ಕಿನಲ್ಲಿ ಸಲ್ಲಿವನ್ ಬಂಗಲೆಯನ್ನು ದುರಸ್ತಿ ಮಾಡಿ ಹಳೆಯ ಫೋಟೋ, ದಾಖಲೆಗಳನ್ನು ಇಟ್ಟಿದ್ದಾರೆ. ಮೂರೂ ಕಡೆ ಹೋಗಿ ನೋಡಿದರೆ ನಷ್ಟವಿಲ್ಲ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ, 1977ರಿಂದ ಜಗತ್ತಿನಲ್ಲೆಲ್ಲ ಆಚರಿಸುತ್ತಾರೆ. ಸರಿಯಾಗಿ ನಮ್ಮ ಸೀಸನ್ನಿನ ನಡುಮಧ್ಯೆ, ಹೂವಿನ ಪ್ರದರ್ಶನದ ಆಸುಪಾಸಿನಲ್ಲೇ ಬರುತ್ತದೆ. ಇಡೀ ತಮಿಳುನಾಡಿನಲ್ಲಿ ಆ ದಿನಕ್ಕೆ ಇದಕ್ಕಿಂತ ಹೆಚ್ಚು ಜನ ಕೈಗೆ ಸಿಗುವ ಊರು ಬೇರೊಂದು ಇರಲಿಕ್ಕಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಒಂದು ವರ್ಷದ ಮೇ ತಿಂಗಳಿಗಾದರೂ ಆ ಮಣ್ಣಿನ ಎಮ್ಮೆಗಳು ಊಟಿಗೆ ಬರಲಿ. ಲಂಡನ್ನಿನವು ಬರಬೇಕೆಂದರೆ ಎರಡು ದೇಶಗಳ ಮಾತುಕತೆ, ಅದರ ಆಸೆ ಸದ್ಯಕ್ಕೆ ಬೇಡ. ಎಗ್ಮೋರಿನವು ಹಾಗಲ್ಲ. ಎಗ್ಮೋರಿನ ಮ್ಯೂಸಿಯಂ, ಊಟಿಯ ಮ್ಯೂಸಿಯಂ ಎರಡೂ ಒಂದೇ ಸರ್ಕಾರದ ಒಂದೇ ಇಲಾಖೆಯವು. ಒಂದು ಮನೆಯ ದೊಡ್ಡ ಕೋಣೆಯಿಂದ ಸಣ್ಣ ಕೋಣೆಗೆ ತಂದಿಡುವ ಕೆಲಸ. ಮಣ್ಣಿನ ವಸ್ತು, ಘಟ್ಟದ ರಸ್ತೆ, ಊಟಿಯ ತೇವ ಅಂತ ಅಡ್ಡಿ ಹೇಳಬಹುದು. ಆದರೆ ಎತ್ತಿನ ಗಾಡಿಯ ಕಾಲದಲ್ಲಿ ಇವು ಇದೇ ಘಟ್ಟ ಇಳಿದು ಹೋದವಲ್ಲವೇ? ತೇವದ ಮಾತು ಬಂದರೆ, ಸಾವಿರ ವರ್ಷ ಈ ತೇವದ ಮಣ್ಣಲ್ಲೇ ಮಲಗಿದ್ದವು. ಭದ್ರತೆಯ ಪ್ರಶ್ನೆ ನಿಜವಾದ್ದು, ಅದಕ್ಕೆ ಖರ್ಚು ಮಾಡಬೇಕು. ನಕಲು ಮಾಡಿಸಿ ಇಡಿ ಅನ್ನುವವರೂ ಇದ್ದಾರೆ. ಶಾಲೆಗಳಿಗೆ ನಕಲು ಕೊಟ್ಟರೆ ಬಹಳ ಒಳ್ಳೆಯದು, ಮಕ್ಕಳು ಮುಟ್ಟಿ ನೋಡಬಹುದು. ಆದರೆ ನೂರೈವತ್ತು ವರ್ಷದ ನಂತರ ಮೊದಲ ಸಲ ಊರಿಗೆ ಬರುವುದು ನಕಲಾಗಬಾರದು.

ಇದು ಕೇಳದ ಮಾತೇನೂ ಅಲ್ಲ. ಶಿವಗಂಗೆ ಜಿಲ್ಲೆಯ ಕೀಳಡಿಯಲ್ಲಿ ಅಗೆದಾಗ ಸಿಕ್ಕ ವಸ್ತುಗಳಿಗೆ ಅಲ್ಲೇ ಮ್ಯೂಸಿಯಂ ಕಟ್ಟಿ 2023ರ ಮಾರ್ಚ್ 5ರಂದು ತೆರೆದರು. ತಾಮ್ರಪರ್ಣಿ ದಡದ ಆದಿಚ್ಚನಲ್ಲೂರಿನ ಕಥೆಯಂತೂ ನಮ್ಮದೇ ಕಥೆ. 1876ರಲ್ಲಿ ಯಾಗೋರ್ ಎಂಬ ಜರ್ಮನಿಯವನು ಅಗೆದು ಸಿಕ್ಕಿದ್ದನ್ನು ಬರ್ಲಿನ್ನಿಗೆ ಒಯ್ದ, ಆಮೇಲೆ ಅಲೆಕ್ಸಾಂಡರ್ ರೇ ಅಗೆದದ್ದು ಎಗ್ಮೋರಿಗೆ ಹೋಯಿತು. ಅಲ್ಲಿನ ಜನ, ಅಲ್ಲಿನ ಲೇಖಕರು ಬಿಡದೆ ಕೇಳಿದರು, ಕೋರ್ಟಿಗೂ ಹೋದರು. 2023ರಲ್ಲಿ ಆ ಜಾಗದಲ್ಲೇ ಮ್ಯೂಸಿಯಂಗೆ ಅಡಿಗಲ್ಲು ಬಿತ್ತು. ನೀಲಗಿರಿಯಿಂದ ಅಂಥ ಕೂಗು ಎದ್ದಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಆ ಎಮ್ಮೆಗಳು ಇವೆ ಅಂತಲೇ ಗೊತ್ತಿಲ್ಲ. ಇಲ್ಲದ್ದನ್ನು ಯಾರು ಕೇಳುತ್ತಾರೆ?

ಎಮ್ಮೆ ಬಂದರೆ ತಿಂಗಳು ಪೂರ್ತಿ ಅದರ ಸುತ್ತ ಮಾಡಬಹುದಾದ ಕೆಲಸ ಎಷ್ಟೋ ಇದೆ. ತೋಡ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಲ್ಲಿ ಎಣಿಸಿ ಎಣಿಸಿ ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಕಸೂತಿಯಲ್ಲೂ ಎಮ್ಮೆಯ ಕೊಂಬಿನ ನಮೂನೆ ಇದೆ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಅವರೇ ನಮೂನೆಗಳ ಹೆಸರು ಹೇಳಿದರೆ ಅದಕ್ಕಿಂತ ದೊಡ್ಡ ಪಾಠ ಬೇಕೆ? ಕೋತಗಿರಿ ಕೆಳಗಿನ ವೆಳ್ಳರಿಕೊಂಬೈಯ ಆಲು ಕುರುಂಬರು ಹೊನ್ನೆ ಮರದ ಅಂಟು, ಇದ್ದಿಲು, ಎಲೆಯ ರಸ, ಮಣ್ಣಿನ ಬಣ್ಣಗಳಿಂದ ಚಿತ್ರ ಬರೆಯುತ್ತಾರೆ: ಜೇನು ಇಳಿಸುವುದು, ರಾಗಿ ಕೊಯ್ಲು, ಕುಣಿತ. ಅವರ ಊರಿನ ಬಂಡೆಯ ಮೇಲೆ ಅದಕ್ಕಿಂತ ಬಹಳ ಹಳೆಯ ಚಿತ್ರಗಳಿವೆ, ತಮ್ಮ ಹಿರಿಯರೇ ಬರೆದದ್ದು ಅನ್ನುತ್ತಾರೆ. ಮನೆಯ ಗೋಡೆಯಲ್ಲಿದ್ದ ಆ ಚಿತ್ರ ಈಗ ಕಾಗದಕ್ಕೂ ಬಟ್ಟೆಗೂ ಬಂದು ಪೇಟೆ ನೋಡಿದೆ. ಬರೆಯುವ ಕೈಗಳು ಮಾತ್ರ ಬೆರಳೆಣಿಕೆಯಷ್ಟು. ಕೋತರ ವಾಲಗ ಇದೆ, ಅವರ ಮಡಕೆಯ ನೆನಪು ಇದೆ. ಇವರೆಲ್ಲ ಸೀಸನ್ನಿನಲ್ಲಿ ಒಂದು ಮೂಲೆಯ ಸ್ಟಾಲಿನಲ್ಲಿ ಕೂತು ಮಾರುತ್ತಾರೆ, ಇಲ್ಲವೇ ಸ್ಟೇಜಿನ ಮೇಲೆ ಹತ್ತು ನಿಮಿಷ ಕುಣಿದು ಇಳಿಯುತ್ತಾರೆ. ನೋಡಲು ಬಂದವರಿಗೆ ವಿವರಿಸಿ ಹೇಳುವ ಮೇಷ್ಟ್ರ ಜಾಗದಲ್ಲಿ ಅವರನ್ನು ಯಾರೂ ನಿಲ್ಲಿಸಿಲ್ಲ. ಪ್ರದರ್ಶನಕ್ಕೆ ಇಡಿಸಿಕೊಳ್ಳುವುದಕ್ಕೂ ಪ್ರದರ್ಶನ ಮಾಡುವುದಕ್ಕೂ ಇರುವ ವ್ಯತ್ಯಾಸ ಇದೇ. ಓಡಿಹೋದ ಆ ಪಣಿಯ ಹೆಂಗಸರ ಮೊಮ್ಮಕ್ಕಳು ಇವತ್ತು ಗೂಡಲೂರಿನ ಶಾಲೆಗಳಲ್ಲಿ ಓದುತ್ತಿದ್ದಾರೆ. ಮ್ಯೂಸಿಯಂಗೆ ಅವರು ಒಳಬಾಗಿಲಿನಿಂದ ಬರಲಿ.

ಶಾಲೆಯ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಮಾತು. ಎಲ್ಲ ಗುಪ್ಪೆಗಳನ್ನೂ ಸಾಹೇಬರು ಅಗೆದು ಮುಗಿಸಿಲ್ಲ. ಟೀ ತೋಟ, ಆಲೂಗಡ್ಡೆ ಹೊಲ, ಈಗ ರೆಸಾರ್ಟು, ಇವುಗಳ ಕೆಳಗೆ ಬಹಳ ಹೋದವು. ನಿಧಿ ಇದೆ ಅಂತ ರಾತ್ರಿ ಹೊತ್ತು ಅಗೆಯುವವರೂ ಇದ್ದಾರೆ. ಅವರಿಗೆ ಸಿಗುವುದು ಒಡೆದ ಮಡಕೆ, ನಮಗೆ ಆಗುವುದು ತುಂಬಲಾರದ ನಷ್ಟ. ಜಮೀನು ಉಳುವಾಗ, ಪಾಯ ತೆಗೆಯುವಾಗ ಹಳೆಯ ವಸ್ತು ಸಿಕ್ಕರೆ ಏನು ಮಾಡಬೇಕು ಅನ್ನುವುದನ್ನು ಮಕ್ಕಳಿಗೆ ಹೇಳಿಕೊಡಿ. 1878ರ ನಿಧಿ ಕಾಯಿದೆ ಇನ್ನೂ ಜಾರಿಯಲ್ಲಿದೆ. ಮಣ್ಣಲ್ಲಿ ಸಿಕ್ಕಿದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ. ಹೇಳಿದರೆ ಜಮೀನೇ ಹೋಗುತ್ತದೆ ಅಂತ ಹೆದರಿ ಸುಮ್ಮನೆ ಮುಚ್ಚುವವರು ಬಹಳ. ಆ ಕಾಯಿದೆ ಹೇಳುವುದು ಸಿಕ್ಕ ವಸ್ತುವಿನ ಬಗ್ಗೆ. ವಸ್ತುವನ್ನು ಸರ್ಕಾರ ತೆಗೆದುಕೊಂಡರೆ ಅದಕ್ಕೆ ಬೆಲೆ ಕಟ್ಟಿ ಕೊಡುವ ವಿಧಿಯೂ ಅದರಲ್ಲೇ ಇದೆ. ಇನ್ನು ಗುಪ್ಪೆ ಕಂಡರೆ ಕಲ್ಲು ಕದಲಿಸದೆ ಒಂದು ಫೋಟೋ, ಜಾಗದ ಹೆಸರು, ಹತ್ತಿರದ ಹಟ್ಟಿಯ ಹೆಸರು ಬರೆದಿಡಿ. ಬ್ರೀಕ್ಸನ ಪುಸ್ತಕದಲ್ಲಿರುವ ಊರಿನ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಬರೆದು ಗುರುತು ಸಿಗದಂತಾಗಿವೆ, ಅವನ್ನು ಸರಿಪಡಿಸಲು ಇಲ್ಲಿನವರಿಗೆ ಮಾತ್ರ ಸಾಧ್ಯ.

ಅಲ್ಲಿಯವರೆಗೆ ಎಮ್ಮೆಯನ್ನು ನೋಡಲೇಬೇಕು ಅನ್ನುವವರು ಎಗ್ಮೋರಿಗೇ ಹೋಗಬೇಕು. ಮೇಟ್ಟುಪಾಳಯದಿಂದ ರಾತ್ರಿ ಹೊರಡುವ ನೀಲಗಿರಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಚೆನ್ನೈ ಸೆಂಟ್ರಲ್ ತಲುಪಿಸುತ್ತದೆ, ಅಲ್ಲಿಂದ ಆಟೋದಲ್ಲಿ ಹತ್ತು ಹದಿನೈದು ನಿಮಿಷ. ಪಾಂಥಿಯನ್ ರಸ್ತೆ ಮ್ಯೂಸಿಯಂ ಅಂದರೆ ಎಲ್ಲರಿಗೂ ಗೊತ್ತು. ಒಳಗೆ ಹೋದ ಮೇಲೆ ನಟರಾಜರ ಹತ್ತಿರ ಬಹಳ ಹೊತ್ತು ನಿಂತು ಕಾಲು ಸೋಲಿಸಿಕೊಳ್ಳಬೇಡಿ, ಇತಿಹಾಸಪೂರ್ವದ ಕೋಣೆಗೆ ಮೊದಲು ಹೋಗಿ. ಶುಕ್ರವಾರ ಮಾತ್ರ ಹೋಗಬೇಡಿ, ರಜೆ.